ಖರೀದಿ ಪತ್ರದಿಂದ ಕದ್ದ ಹೆಬ್ಬೆಟ್ಟು

2023ರ ಮಳೆಗಾಲ ಮುಗಿಯುವ ಹೊತ್ತಿಗೆ ಮಂಗಳೂರಿನ ಕೆಲವರ ಮೊಬೈಲಿಗೆ ಬ್ಯಾಂಕಿನಿಂದ ಮೆಸೇಜ್ ಬಂತು. ಆಧಾರ್ ಮೂಲಕ ಅವರ ಖಾತೆಯಿಂದ ಹಣ ತೆಗೆಯಲಾಗಿತ್ತು. ಅವರು ಯಾರಿಗೂ ಒಟಿಪಿ ಹೇಳಿರಲಿಲ್ಲ, ಯಾವ ಲಿಂಕನ್ನೂ ಒತ್ತಿರಲಿಲ್ಲ, ಎಟಿಎಂ ಕಾರ್ಡೂ ಕೈಬಿಟ್ಟು ಹೋಗಿರಲಿಲ್ಲ. ದೂರುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಸಂಗತಿ ಎದ್ದು ಕಂಡಿತು: ಹಣ ಕಳೆದುಕೊಂಡವರಲ್ಲಿ ಹಲವರು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಆಸ್ತಿ ನೋಂದಣಿ ಮಾಡಿಸಿದ್ದವರು. ಅಕ್ಟೋಬರ್‌ನಲ್ಲಿ ಮಂಗಳೂರು ಪೊಲೀಸರು ಬಿಹಾರದ ಮೂವರನ್ನು ಬಂಧಿಸಿದರು. ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದಿಂದ ದಸ್ತಾವೇಜುಗಳ ಪ್ರತಿ ಇಳಿಸಿಕೊಂಡು, ಅದರಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆ ಬಳಸಿ ಹಣ ಲಪಟಾಯಿಸಿದ್ದರು ಎಂಬುದು ಪೊಲೀಸರ ಆರೋಪ.

ಸುದ್ದಿ ಕರಾವಳಿಯದ್ದಾದರೂ ಅದರ ಬಿಸಿ ತಟ್ಟಬೇಕಾದದ್ದು ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಯಂಥ ಊರುಗಳಿಗೆ. ಇಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡ ಭತ್ತದ ಗದ್ದೆಗೂ ನಾರಾಯಣಪುರ ಕಾಲುವೆ ಹಾಯ್ದ ಹೊಲಕ್ಕೂ ಬೆಲೆಯಿದೆ, ಕೊಡು-ಕೊಳ್ಳುವುದು ನಡೆದೇ ಇರುತ್ತದೆ. ಇನ್ನೊಂದು ಕಡೆ ಉದ್ಯೋಗ ಖಾತ್ರಿ ಕೂಲಿ, ಸಂಧ್ಯಾ ಸುರಕ್ಷಾ ಪಿಂಚಣಿ, ಗೃಹಲಕ್ಷ್ಮಿಯ 2,000 ರೂಪಾಯಿ ಎಲ್ಲವೂ ಆಧಾರ್ ಜೋಡಿಸಿದ ಖಾತೆಗೇ ಬೀಳುತ್ತವೆ. ಹೊಲದ ಕಾಗದಕ್ಕೂ ಅದೇ ಹೆಬ್ಬೆಟ್ಟು, ಪಿಂಚಣಿಗೂ ಅದೇ ಹೆಬ್ಬೆಟ್ಟು.

ಹಳ್ಳಿಯಲ್ಲಿ ಹಣ ತೆಗೆಯುವ ರೀತಿಯನ್ನು ಹತ್ತಿರದಿಂದ ನೋಡಿದರೆ ಈ ಅಪಾಯ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಬ್ಯಾಂಕ್ ಮಿತ್ರರ ಅಂಗಡಿಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರವೊಂದು ಮೊಬೈಲಿಗೆ ಸಿಕ್ಕಿಸಿಕೊಂಡಿರುತ್ತದೆ. ‘ತಂಬ್ ಹಚ್ಚಬೇ’ ಅಂದಾಗ ಅಜ್ಜಿ ಬೆರಳನ್ನು ಸೀರೆ ಸೆರಗಿಗೆ ಒರೆಸಿ ಗಾಜಿನ ಮೇಲೆ ಇಡುತ್ತಾಳೆ. ನಾಟಿ ಮಾಡಿ, ಕಳೆ ತೆಗೆದು ಸವೆದ ಬೆರಳಿನ ಗೆರೆ ಒಂದೇ ಸಲಕ್ಕೆ ಹಿಡಿಯುವುದಿಲ್ಲ. ಎರಡು ಮೂರು ಸಲ ಒತ್ತಬೇಕು. ಅಂಗಡಿಯವನು ಆಧಾರ್ ಸಂಖ್ಯೆ ಹಾಕಿ, ಬ್ಯಾಂಕಿನ ಹೆಸರು ಆರಿಸಿ, ಮೊತ್ತ ಒತ್ತುತ್ತಾನೆ. ಅಷ್ಟೇ. ಪಿನ್ ಇಲ್ಲ, ಒಟಿಪಿ ಇಲ್ಲ. ಸಾಮಾನ್ಯವಾಗಿ ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು. ರಾಷ್ಟ್ರೀಯ ಪಾವತಿ ನಿಗಮ (ಎನ್‌ಪಿಸಿಐ) ನಡೆಸುವ ಈ ವ್ಯವಸ್ಥೆಯ ಹೆಸರು ಆಧಾರ್ ಆಧಾರಿತ ಪಾವತಿ ವ್ಯವಸ್ಥೆ, ಚಿಕ್ಕದಾಗಿ ಎಇಪಿಎಸ್.

ಓದು ಬರಹ ಬಾರದವರಿಗೆ, ಬ್ಯಾಂಕು ದೂರವಿರುವ ಹಳ್ಳಿಗಳಿಗೆ ಇದರಿಂದ ಆದ ಉಪಕಾರ ದೊಡ್ಡದು. ಅದನ್ನು ಅಲ್ಲಗಳೆಯಲಾಗದು. ಆದರೆ ಬೆರಳಚ್ಚೇ ಪಾಸ್‌ವರ್ಡ್ ಆದ ಮೇಲೆ ಅದನ್ನು ಪಾಸ್‌ವರ್ಡಿನಂತೆ ಕಾಪಾಡಬೇಕಿತ್ತು. ನಡೆದದ್ದು ಅದಕ್ಕೆ ವಿರುದ್ಧ.

1908ರ ನೋಂದಣಿ ಕಾಯ್ದೆಗೆ 2001ರಲ್ಲಿ ಸೇರಿದ 32ಎ ಕಲಂ ಪ್ರಕಾರ ದಸ್ತಾವೇಜಿನ ಮೇಲೆ ಭಾವಚಿತ್ರವೂ ಬೆರಳಚ್ಚೂ ಇರಬೇಕು. ಬೇರೆ ಯಾರೋ ಬಂದು ನಾನೇ ಹೊಲದ ಮಾಲೀಕ ಎಂದು ಮಾರಿಬಿಡುವುದನ್ನು ತಡೆಯಲು ಮಾಡಿದ ಒಳ್ಳೆಯ ನಿಯಮವಿದು. ಅದೇ ಕಾಯ್ದೆಯ 57ನೇ ಕಲಂ, ಶುಲ್ಕ ಕಟ್ಟಿದ ಯಾರಿಗೇ ಆದರೂ ಸ್ಥಿರಾಸ್ತಿಯ ನೋಂದಣಿ ಪುಸ್ತಕ ನೋಡುವ, ನಕಲು ಪಡೆಯುವ ಅವಕಾಶ ಕೊಟ್ಟಿದೆ. ಹೊಲ ಕೊಳ್ಳುವವನು ಹಿಂದಿನ ವ್ಯವಹಾರ ನೋಡದೆ ಕೊಳ್ಳಲಾಗುವುದೇ? ಅದೂ ಸರಿಯೇ. ಕಾಗದದ ಕಾಲದಲ್ಲಿ ಎರಡೂ ಹೊಂದಿಕೊಂಡು ನಡೆದವು. ನಕಲು ಬೇಕಾದವರು ಕಚೇರಿಗೆ ಬಂದು ಸಾಲಿನಲ್ಲಿ ನಿಲ್ಲಬೇಕಿತ್ತು.

ಎಲ್ಲವೂ ಆನ್‌ಲೈನ್ ಆದಾಗ ಆ ಸಾಲು ಹೋಯಿತು. ಖರೀದಿ ಪತ್ರದ ಪುಟದಲ್ಲಿ ಫೋಟೊ, ಪಕ್ಕದಲ್ಲಿ ಹೆಬ್ಬೆಟ್ಟಿನ ಗುರುತು, ಅದರ ಪಕ್ಕ ಸಹಿ. ಗುರುತಿನ ಚೀಟಿಯಾಗಿ ಕೊಟ್ಟ ಆಧಾರ್‌ನ ಹನ್ನೆರಡು ಅಂಕಿಗಳು ಅದೇ ದಸ್ತಾವೇಜಿನಲ್ಲಿ. ಖಾತೆ ಬರಿದು ಮಾಡಲು ಬೇಕಾದ ಎರಡು ಮುಖ್ಯ ಗುಟ್ಟುಗಳು ಒಂದೇ ಪಿಡಿಎಫ್‌ನಲ್ಲಿ ಕುಳಿತಿದ್ದವು. ಉಳಿದದ್ದು ಬ್ಯಾಂಕಿನ ಹೆಸರು, ಅದನ್ನು ಒಂದೊಂದಾಗಿ ಪ್ರಯತ್ನಿಸಿದರಾಯಿತು. ಸರ್ವರ್‌ಗೆ ಕನ್ನ ಹಾಕುವ ಚಾಣಾಕ್ಷತನ ಬೇಕಾಗಿರಲಿಲ್ಲ. ತಂತ್ರಾಂಶ ರೂಪಿಸಿದವರು ಯಾವುದನ್ನು ತೋರಿಸಬೇಕು, ಯಾವುದನ್ನು ಮುಚ್ಚಬೇಕು ಎಂದು ಯೋಚಿಸದೆ ಬಿಟ್ಟದ್ದೇ ದೋಷ.

ಈ ದೋಷ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. 2018ರಲ್ಲೇ ರಾಯಚೂರಿಗೆ ಅಂಟಿಕೊಂಡ ತೆಲಂಗಾಣದಲ್ಲಿ, ಪೆದ್ದಪಲ್ಲಿ ಜಿಲ್ಲೆಯ ಸಿಮ್ ವ್ಯಾಪಾರಿಯೊಬ್ಬ ಅಲ್ಲಿನ ನೋಂದಣಿ ಇಲಾಖೆಯ ಜಾಲತಾಣದಿಂದ ದಸ್ತಾವೇಜು ಇಳಿಸಿಕೊಂಡು, ರಬ್ಬರ್ ಸ್ಟಾಂಪ್ ಮಾಡುವ ಯಂತ್ರದಲ್ಲಿ ಬೆರಳಚ್ಚಿನ ಅಚ್ಚು ತೆಗೆದು, ಸಾವಿರಾರು ಸಿಮ್‌ಗಳನ್ನು ಚಾಲೂ ಮಾಡಿ ಸಿಕ್ಕಿಬಿದ್ದಿದ್ದ. ಅವತ್ತೇ ನಮ್ಮ ಇಲಾಖೆ ತನ್ನ ದಸ್ತಾವೇಜುಗಳನ್ನು ತೆರೆದು ನೋಡಿಕೊಂಡಿದ್ದರೆ ಐದು ವರ್ಷದ ನಂತರದ ನಷ್ಟ ತಪ್ಪುತ್ತಿತ್ತು. ಅದಕ್ಕೂ ಹಿಂದೆ, 2002ರಲ್ಲಿ ಜಪಾನಿನ ಸಂಶೋಧಕ ತ್ಸುತೊಮು ಮತ್ಸುಮೊಟೊ ಮಿಠಾಯಿಗೆ ಬಳಸುವ ಜೆಲಾಟಿನ್‌ನಿಂದ ನಕಲಿ ಬೆರಳು ಮಾಡಿ ಯಂತ್ರಗಳನ್ನು ಏಮಾರಿಸಿ ತೋರಿಸಿದ್ದರು. 2015ರಲ್ಲಿ ಅಮೆರಿಕ ಸರ್ಕಾರದ ಸಿಬ್ಬಂದಿ ಇಲಾಖೆಯಿಂದಲೇ 56 ಲಕ್ಷ ಜನರ ಬೆರಳಚ್ಚು ಕಳುವಾಗಿತ್ತು. ಕಳುವಾದ ಪಾಸ್‌ವರ್ಡನ್ನು ಸಂಜೆಯೊಳಗೆ ಬದಲಾಯಿಸಬಹುದು. ಬೆರಳನ್ನು?

ಮಂಗಳೂರಿನ ಪ್ರಕರಣಗಳ ನಂತರ ಕಂದಾಯ ಇಲಾಖೆ ಎಚ್ಚೆತ್ತುಕೊಂಡು ದಸ್ತಾವೇಜುಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡಲು ಮುಂದಾಯಿತು. 2023ರ ಫೆಬ್ರುವರಿಯಲ್ಲೇ ಆಧಾರ್ ಪ್ರಾಧಿಕಾರ, ಯಂತ್ರದ ಮೇಲಿರುವುದು ಜೀವಂತ ಬೆರಳೋ ರಬ್ಬರಿನದೋ ಎಂದು ಪತ್ತೆ ಹಚ್ಚುವ ಹೊಸ ತಪಾಸಣೆ ತಂದಿತ್ತು. ಎಇಪಿಎಸ್ ಯಂತ್ರ ಇಟ್ಟುಕೊಂಡವರ ಪೂರ್ವಾಪರ ವಿಚಾರಿಸಿ, ಅವರ ವ್ಯವಹಾರಗಳ ಮೇಲೆ ಕಣ್ಣಿಡಬೇಕೆಂದು ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಬ್ಯಾಂಕುಗಳಿಗೆ ನಿರ್ದೇಶನ ಕೊಟ್ಟಿತು. ಅದರ ಜಾರಿಗೆ ಗೊತ್ತು ಮಾಡಿದ ದಿನ 2026ರ ಜನವರಿ 1. ಎಲ್ಲವೂ ಬೇಕಾದ ಕ್ರಮಗಳೇ. ಆದರೆ ಅಷ್ಟರೊಳಗೆ ಇಳಿಸಿಕೊಂಡು ಹೋದ ಪ್ರತಿಗಳನ್ನು ಯಾರೂ ವಾಪಸು ತರಲಾರರು.

ಜನರ ಕೈಯಲ್ಲಿ ಇರುವ ಉಪಾಯ ಬೆರಳಚ್ಚಿಗೆ ಬೀಗ ಹಾಕುವುದು. ಆಧಾರ್ ಪ್ರಾಧಿಕಾರದ ಆ್ಯಪ್‌ನಲ್ಲೋ ಜಾಲತಾಣದಲ್ಲೋ ಬಯೊಮೆಟ್ರಿಕ್ ಲಾಕ್ ಮಾಡಿದರೆ ಕದ್ದ ಬೆರಳಚ್ಚು ಕೆಲಸ ಮಾಡುವುದಿಲ್ಲ. ಪಿಂಚಣಿ ತೆಗೆಯುವಾಗ, ರೇಷನ್‌ಗೆ ತಂಬ್ ಕೊಡುವಾಗ ಸ್ವಲ್ಪ ಹೊತ್ತು ತೆರೆದುಕೊಳ್ಳಬಹುದು. ಇದಕ್ಕೆ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರಬೇಕು, ತೊಡಕಿರುವುದೂ ಅಲ್ಲೇ. ಬೆಂಗಳೂರಿಗೆ ಗುಳೆ ಹೋದ ಮಗನ ನಂಬರ್ ಕೊಟ್ಟಿದ್ದರೆ ಒಟಿಪಿ ಅವನಿಗೆ ಹೋಗುತ್ತದೆ. ಬ್ಯಾಂಕಿಗೂ ಅದೇ ನಂಬರ್ ಕೊಟ್ಟಿದ್ದರೆ ಹಣ ಹೋದ ಮೆಸೇಜೂ ಅವನಿಗೇ. ಮಸ್ಕಿ ಕಡೆಯ ಹಳ್ಳಿಯಲ್ಲಿರುವ ತಾಯಿಗೆ ತಿಳಿಯುವುದು ಮುಂದಿನ ತಿಂಗಳು, ‘ಖಾತೆಯಲ್ಲಿ ದುಡ್ಡಿಲ್ಲ’ ಎಂದಾಗ. ಗ್ರಾಮ ಪಂಚಾಯ್ತಿಗಳು, ಗ್ರಾಮ ಒನ್ ಕೇಂದ್ರಗಳು ಊರೂರಿಗೆ ದಿನ ಗೊತ್ತು ಮಾಡಿ ನಂಬರ್ ಸರಿಪಡಿಸುವ, ಲಾಕ್ ಮಾಡಿಕೊಡುವ ಕೆಲಸ ಹಮ್ಮಿಕೊಳ್ಳಬೇಕು. ಎಇಪಿಎಸ್ ಬೇಡ ಎನ್ನುವವರ ಖಾತೆಯಲ್ಲಿ ಅದನ್ನು ಬ್ಯಾಂಕುಗಳು ಸುಲಭವಾಗಿ ನಿಲ್ಲಿಸಿಕೊಡಬೇಕು.

ಹಣ ಹೋದದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ತಪ್ಪು ಗ್ರಾಹಕನದೂ ಅಲ್ಲ, ಬ್ಯಾಂಕಿನದೂ ಅಲ್ಲ, ವ್ಯವಸ್ಥೆಯಲ್ಲಿ ಬೇರೆಲ್ಲೋ ಇದ್ದರೆ, ಬ್ಯಾಂಕಿನ ಮೆಸೇಜ್ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟ ಗ್ರಾಹಕನ ಮೇಲೆ ನಷ್ಟದ ಹೊರೆ ಬೀಳುವುದಿಲ್ಲ. ದೂರು ತಲುಪಿದ ಹತ್ತು ಕೆಲಸದ ದಿನಗಳಲ್ಲಿ ಬ್ಯಾಂಕು ಆ ಹಣವನ್ನು ಖಾತೆಗೆ ಹಾಕಬೇಕು.