ಒಂದೇ ಮೈಕಟ್ಟು, ಬೇರೆ ಬೇರೆ ಎಂಜಿನ್

ನೀರೆತ್ತುವ ಪಂಪು, ಕಳೆ ಕೀಳುವ ವೀಡರ್, ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರ್, ಜನರೇಟರ್ ಮೊದಲಾದವನ್ನು ನಡೆಸುವ ಒಂಟಿ ಸಿಲಿಂಡರಿನ ಪೆಟ್ರೋಲ್ ಎಂಜಿನ್‌ಗಳು ಹೊರನೋಟಕ್ಕೆ ಒಂದೇ ಬಗೆಯವಾಗಿ ಕಂಡರೂ, ಯಾವ ಎಂಜಿನ್ ಯಾವ ಕೆಲಸಕ್ಕೆ ಸಲ್ಲುತ್ತದೆ ಎಂಬುದನ್ನು ಅವುಗಳ ಒಳರಚನೆಯ ವ್ಯತ್ಯಾಸಗಳೇ ನಿರ್ಧರಿಸುತ್ತವೆ. ಜಪಾನಿನ ಹೋಂಡಾ ಸಂಸ್ಥೆಯ ಜಿಎಕ್ಸ್ ಸರಣಿ ಇದಕ್ಕೆ ಉತ್ತಮ ನಿದರ್ಶನ.

1983ರಲ್ಲಿ ಈ ಸರಣಿ ಬರುವ ಮುನ್ನ ಇಂತಹ ಎಂಜಿನ್‌ಗಳಲ್ಲಿ ಪಕ್ಕಕವಾಟದ ವಿನ್ಯಾಸವೇ ಹೆಚ್ಚು ಬಳಕೆಯಲ್ಲಿತ್ತು. ಇಂಧನಮಿಶ್ರಣವನ್ನು ಒಳಬಿಡುವ ಮತ್ತು ಹೊಗೆಯನ್ನು ಹೊರಹಾಕುವ ಕವಾಟಗಳು ಸಿಲಿಂಡರಿನ ಪಕ್ಕದಲ್ಲಿರುತ್ತಿದ್ದುದರಿಂದ ದಹನಕೋಶವು ಅಡ್ಡಕ್ಕೆ ಹರಡಿಕೊಂಡು, ಶಾಖ ಗೋಡೆಗಳ ಮೂಲಕ ಸೋರಿಹೋಗುತ್ತಿತ್ತು. ಮಿಶ್ರಣವನ್ನು ಹೆಚ್ಚು ಒತ್ತಡಕ್ಕೆ ಒಳಪಡಿಸುವುದೂ ಕಷ್ಟವಾಗುತ್ತಿತ್ತು. ಜಿಎಕ್ಸ್ ಎಂಜಿನ್‌ನಲ್ಲಿ ಕವಾಟಗಳು ಪಿಸ್ಟನ್ನಿನ ನೆತ್ತಿಯ ಮೇಲಿದ್ದು, ಕೆಳಗಿನ ಕ್ಯಾಮ್‌ಶಾಫ್ಟಿನಿಂದ ಎದ್ದುಬರುವ ತಳ್ಳುಸರಳುಗಳು ಅವುಗಳನ್ನು ತೆರೆಯುತ್ತವೆ. ಇದರಿಂದ ದಹನಕೋಶ ಅಡಕವಾಗಿ, ಅಷ್ಟೇ ಕೆಲಸಕ್ಕೆ ಕಡಿಮೆ ಪೆಟ್ರೋಲ್ ಸಾಕಾಗುತ್ತದೆ.

ಇದೇ ಸರಣಿಯ ಜಿಎಕ್ಸ್160 ಮತ್ತು ಜಿಎಕ್ಸ್200 ಎಂಜಿನ್‌ಗಳ ಸಿಲಿಂಡರಿನ ಒಳವ್ಯಾಸ 68 ಮಿಲಿಮೀಟರ್. ಆದರೆ ಪಿಸ್ಟನ್ ಸಾಗುವ ದೂರ ಮೊದಲನೆಯದರಲ್ಲಿ 45, ಎರಡನೆಯದರಲ್ಲಿ 54 ಮಿಲಿಮೀಟರ್ ಆಗಿರುವುದರಿಂದ ಗಾತ್ರ 163ರಿಂದ 196 ಸಿಸಿಗೆ ಏರಿ, ಎಂಜಿನ್ನಿನ ದಂಡವನ್ನು (ಶಾಫ್ಟನ್ನು) ತಿರುಗಿಸುವ ಬಲ, ಅಂದರೆ ಟಾರ್ಕ್, ಹೆಚ್ಚುತ್ತದೆ. ಹೆಸರಿನಲ್ಲಿ ಹತ್ತಿರದ ಜಿಸಿ160 ಮಾತ್ರ ಬೇರೆಯೇ ವಂಶದ್ದು: ಅದರಲ್ಲಿ ಕ್ಯಾಮ್‌ಶಾಫ್ಟನ್ನೇ ಮೇಲಕ್ಕೆ ಒಯ್ದು ಒಳಗಿನ ಬೆಲ್ಟಿನಿಂದ ತಿರುಗಿಸಲಾಗುತ್ತದೆ, ಸಿಲಿಂಡರೂ ಅದರ ತಲೆಯೂ ಒಂದೇ ಎರಕವಾಗಿರುತ್ತವೆ. ಹಗುರವಾದ ಈ ರಚನೆ ಮನೆಬಳಕೆಗೆ ಅನುಕೂಲವಾದರೂ, ತಲೆಯನ್ನು ಬಿಚ್ಚಿ ದುರಸ್ತಿ ಮಾಡುವ ಅವಕಾಶ ಇದರಲ್ಲಿಲ್ಲ.

ಅಶ್ವಶಕ್ತಿಯ ಅಂಕಿಯನ್ನೂ ಎಚ್ಚರದಿಂದ ಓದಬೇಕು. ಹಿಂದೆ 5.5 ಅಶ್ವಶಕ್ತಿಯದೆಂದು ಮಾರಾಟವಾಗುತ್ತಿದ್ದ ಜಿಎಕ್ಸ್160ಕ್ಕೆ ಈಗ 4.8 ಎಂದು ನಮೂದಿಸುವುದು ಎಂಜಿನ್ ಸೊರಗಿದ್ದರಿಂದಲ್ಲ. ಏರ್ ಫಿಲ್ಟರ್, ಸೈಲೆನ್ಸರ್‌ಗಳನ್ನು ಜೋಡಿಸಿಕೊಂಡೇ ಅಳೆಯುವ ನಿವ್ವಳ ಶಕ್ತಿಯನ್ನು ಈಗ ತಿಳಿಸಲಾಗುತ್ತಿರುವುದರಿಂದ.

ಇನ್ನು ಹೊರಚಾಚುವ ದಂಡದ ವಿಷಯ. ಬೆಲ್ಟ್ ಪುಲ್ಲಿಗೆ ಕೀಲಿ ಕೂರುವ ತೋಡುಳ್ಳ ನೇರ ದಂಡ, ಪಂಪಿಗೆ ತಿರುಪಿನ ದಂಡ, ಜನರೇಟರಿಗೆ ಮೊನಚಾಗುತ್ತ ಹೋಗುವ ದಂಡ ಬಳಕೆಯಲ್ಲಿದ್ದು, ನಿಧಾನಗತಿಯ ಯಂತ್ರಗಳಿಗಾಗಿ ವೇಗವನ್ನು ಅರ್ಧಕ್ಕಿಳಿಸುವ ಗಿಯರ್ ಇರುವ ಮಾದರಿಗಳೂ ಇವೆ. ಎರಡು ಧ್ರುವಗಳ ಜನರೇಟರ್ ಭಾರತದ 50 ಹರ್ಟ್ಸ್ ವಿದ್ಯುತ್ತನ್ನು ನೀಡಬೇಕಾದರೆ ಎಂಜಿನ್ ನಿಮಿಷಕ್ಕೆ 3000 ಸುತ್ತು, ಅಮೆರಿಕದ 60 ಹರ್ಟ್ಸ್‌ಗೆ 3600 ಸುತ್ತು ತಿರುಗಬೇಕು. ಆದ್ದರಿಂದ ವೇಗವನ್ನು ಹಿಡಿದಿಡುವ ಗವರ್ನರ್‌ನ ಹೊಂದಾಣಿಕೆಯೂ ದೇಶಕ್ಕೆ ತಕ್ಕಂತೆ ಬದಲಾಗುತ್ತದೆ.

ಹೀಗಿರುವಾಗ ಎಂಜಿನ್ ಕೊಳ್ಳುವ ರೈತನಾಗಲಿ ಬಿಡಿಭಾಗ ತರುವ ಮೆಕ್ಯಾನಿಕನಾಗಲಿ ಸಿಸಿ, ಅಶ್ವಶಕ್ತಿಗಳಷ್ಟನ್ನೇ ನೆಚ್ಚದೆ, ಎಂಜಿನ್ನಿನ ಮೇಲಿರುವ ಮಾದರಿಯ ಪೂರ್ಣ ಸಂಕೇತವನ್ನೂ ದಂಡದ ಬಗೆಯನ್ನೂ ಮೊದಲು ಗುರುತಿಸುವುದು ಹಣವನ್ನೂ ಶ್ರಮವನ್ನೂ ಉಳಿಸುವ ದಾರಿ.