ಪೊಲೊನ್ನರುವ: ಹಾಳೂರಿನ ಪಕ್ಕದ ಹಸನಾದ ಅಡುಗೆಮನೆ

ಶ್ರೀಲಂಕಾಕ್ಕೆ ಹೋದವರಲ್ಲಿ ಹೆಚ್ಚಿನವರು ಬೆಳಿಗ್ಗೆ ಸಿಗಿರಿಯಾ ಬಂಡೆ ಹತ್ತಿಳಿದು, ಮಧ್ಯಾಹ್ನ ಪೊಲೊನ್ನರುವವನ್ನು ಗಡಿಬಿಡಿಯಲ್ಲಿ ಸುತ್ತಿ, ಸಂಜೆಯೊಳಗೆ ಬಸ್ಸು ಹತ್ತಿಬಿಡುತ್ತಾರೆ. ಅವರಿಗೆ ಕಲ್ಲುಗಳು ಸಿಗುತ್ತವೆ, ಊರು ಸಿಗುವುದಿಲ್ಲ.

ಚರಿತ್ರೆ ಚುಟುಕಾಗಿ ಇಷ್ಟು. ಅನುರಾಧಪುರವನ್ನು ಗೆದ್ದ ಚೋಳರು 11ನೇ ಶತಮಾನದಲ್ಲಿ ಇಲ್ಲಿಂದ ಆಳಿದರು. 1070ರಲ್ಲಿ ಒಂದನೇ ವಿಜಯಬಾಹು ಅವರನ್ನು ಹೊರದಬ್ಬಿದ. ಮುಂದಿನ ಶತಮಾನದಲ್ಲಿ ಒಂದನೇ ಪರಾಕ್ರಮಬಾಹು ರಾಜಧಾನಿಯನ್ನು ವೈಭವಕ್ಕೇರಿಸಿದ. 1982ರಿಂದ ಈ ಊರು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಅರಮನೆಯ ಇಟ್ಟಿಗೆ ಗೋಡೆಗಳು ಕುಸಿದಿದ್ದರೂ ಚೋಳರ ಪುಟ್ಟ ಶಿವಾಲಯ ಶಿಖರಸಮೇತ ನಿಂತಿದೆ, ಪೂರ್ತಿ ಕಲ್ಲಿನದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಗಲ್ ವಿಹಾರ. ಒಂದೇ ಬಂಡೆಯಲ್ಲಿ ಕಡೆದ ನಾಲ್ಕು ಮೂರ್ತಿಗಳು. ಮಲಗಿದ ಬುದ್ಧನ ಉದ್ದ ಸುಮಾರು 46 ಅಡಿ. ದಿಂಬನ್ನು ಹತ್ತಿರದಿಂದ ನೋಡಬೇಕು. ತಲೆಯ ಭಾರಕ್ಕೆ ಅದು ಮೆತ್ತಗೆ ತಗ್ಗಿದೆ. ಕಲ್ಲು ತಗ್ಗಿದೆ! ಮೇಲಿನ ಪಾದ ಕೆಳಗಿನದಕ್ಕಿಂತ ತುಸು ಹಿಂದೆ ಸರಿದಿದೆ. ಅದು ನಿದ್ದೆಯಲ್ಲ, ಪರಿನಿರ್ವಾಣ ಎಂಬುದಕ್ಕೆ ಶಿಲ್ಪಿ ಇಟ್ಟ ಗುರುತು. ಮಳೆ ಬಿಸಿಲಿನ ರಕ್ಷಣೆಗೆಂದು ಹಾಕಿದ ಚಾವಣಿಯ ನೆರಳು ಮಾತ್ರ ಮುಖಗಳ ಮೇಲೆ ಅಡ್ಡಾದಿಡ್ಡಿ ಬೀಳುತ್ತದೆ. ರಕ್ಷಣೆ ಬೇಕು, ನಿಜ. ಇಷ್ಟು ಒರಟಾಗಿ ಬೇಕಿರಲಿಲ್ಲ.

ಉಳಿದದ್ದು ಕೆರೆಯ ಹತ್ತಿರದ ಒಂದು ಮನೆಯಲ್ಲಿ. ಮನೆಯೊಡತಿ ಅಕ್ಕ ಹಿತ್ತಲಲ್ಲಿ ‘ಮಿರಿಸ್ ಗಲ’ದ ಮುಂದೆ ಕೂತು ಒಣಮೆಣಸಿನಕಾಯಿ, ಉಪ್ಪು, ಸಣ್ಣ ಈರುಳ್ಳಿ ಅರೆಯುತ್ತಿದ್ದರು. ಕಲ್ಲಿನ ಮೇಲೆ ಗುಂಡುಕಲ್ಲು ಹೋಗಿ ಬರುವ ಸದ್ದಿಗೇ ಬಾಯಲ್ಲಿ ನೀರು. ನಿಂಬೆರಸ ಹಿಂಡಿದರೆ ‘ಲುಣು ಮಿರಿಸ್’ ಸಿದ್ಧ. “ಮಿಕ್ಸಿಗೆ ಹಾಕಿದರೆ ಈರುಳ್ಳಿ ನೀರು ಬಿಡುತ್ತೆ. ನಮ್ಮ ಬೀದಿಯಲ್ಲಿ ಈಗ ಕಲ್ಲು ಇಟ್ಟುಕೊಂಡವರು ಕಮ್ಮಿ. ಸೊಸೆಯಂದಿರಿಗೆ ಸೊಂಟ ನೋವಂತೆ” ಎಂದರು; ಮಗಳು ನಗುತ್ತಾ ಇಂಗ್ಲಿಷಿನಲ್ಲಿ ತಿಳಿಸಿದಳು. ಜೊತೆಗೆ ಬಂದದ್ದು ಕುರಕ್ಕನ್ ರೊಟ್ಟಿ, ಅಂದರೆ ನಮ್ಮ ರಾಗಿ ರೊಟ್ಟಿಯೇ, ತೆಂಗಿನತುರಿ ಧಾರಾಳವಾಗಿ ಬೆರೆಸಿದ್ದು. ಖಾರ ನೆತ್ತಿಗೇರಿ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ತಟ್ಟೆಗೆ ಇನ್ನೊಂದು ರೊಟ್ಟಿ ಬಿತ್ತು. “ಕನ್ನ, ಮಲ್ಲಿ, ಕನ್ನ!” ತಿನ್ನು ತಮ್ಮಾ, ತಿನ್ನು. ಕೊನೆಗೆ ಹಾಲಿಲ್ಲದ ಚಹಾ, ಕಚ್ಚಿಕೊಳ್ಳಲು ಬೆಲ್ಲದ ತುಂಡು.

ರಾತ್ರಿಯೂಟದ ಅನ್ನ ಅವರದೇ ಗದ್ದೆಯದು. ಪರಾಕ್ರಮಬಾಹು ಕಟ್ಟಿಸಿದ ‘ಪರಾಕ್ರಮ ಸಮುದ್ರ’ ಎಂಬ ಕೆರೆಯ ನೀರೇ ಇವತ್ತಿಗೂ ಇಲ್ಲಿನ ಗದ್ದೆಗಳಿಗೆ ಹರಿಯುತ್ತದೆ. ಪೈರು ಹಾಲುಗಟ್ಟುವ ಹೊತ್ತಿಗೆ ಆನೆಗಳೂ ಬರುತ್ತವೆ. ಮನೆಯ ಯಜಮಾನರು ಅಟ್ಟಣೆಯ ಮೇಲೆ ರಾತ್ರಿ ಕಾಯುವುದನ್ನೂ ಪರಿಹಾರಕ್ಕಾಗಿ ಅಲೆದದ್ದನ್ನೂ ಹೇಳುತ್ತಿದ್ದರೆ, ಸಕಲೇಶಪುರ, ಆಲೂರು ಕಡೆಯ ರೈತರೇ ಎದುರು ಕೂತಂತಿತ್ತು. ಇಷ್ಟು ಸಂಕಟದ ನಡುವೆಯೂ ಬಂದವರಿಗೆ ಎರಡನೇ ಸಲ ಬಡಿಸದೆ ಬಿಡದ ಮನಸ್ಸು ದೊಡ್ಡದು.

ಕೊಲಂಬೊ ಫೋರ್ಟ್ ನಿಲ್ದಾಣದಿಂದ ಬಟ್ಟಿಕಲೋವಾ ರೈಲು ಹಿಡಿದರೆ ನೇರ ಇಲ್ಲಿಗೇ ಬರಬಹುದು. ಅವಶೇಷಗಳನ್ನು ನೋಡಲು ಬಾಡಿಗೆ ಸೈಕಲ್ ಸಾಕು. ಪವಿತ್ರ ಸ್ಥಳಗಳಲ್ಲಿ ಚಪ್ಪಲಿ ಬಿಡಬೇಕು, ಮಧ್ಯಾಹ್ನದ ಕಲ್ಲು ಕಾಲು ಸುಡುತ್ತದೆ, ಬೆಳಿಗ್ಗೆಯೇ ಹೊರಡಿ. ಒಂದು ರಾತ್ರಿಯಾದರೂ ಊರವರ ಮನೆಯಲ್ಲಿ ಉಳಿಯಿರಿ. ಸಸ್ಯಾಹಾರಿಗಳು ಮೊದಲೇ ತಿಳಿಸಬೇಕು: ಲುಣು ಮಿರಿಸ್‌ಗೆ ಒಣಮೀನು ಸೇರಿಸುವ ರೂಢಿಯಿದೆ, ಕೇಳಿದರೆ ಬಿಟ್ಟು ಮಾಡಿಕೊಡುತ್ತಾರೆ.