ಲಾರಿ ಅಪಘಾತದ ಗಾಯಾಳುಗಳಿಗೆ ಪರಿಹಾರ: ತಿಳಿದಿರಬೇಕಾದ ಕೆಲವು ಸಂಗತಿಗಳು

ಮುಂಬಯಿ ಕನ್ನಡಿಗರು ಊರಿಗೆ ಹೋಗಿಬರಲು ಬಳಸುವ ಮುಖ್ಯ ರಸ್ತೆಗಳು ಎರಡು. ಕೊಂಕಣದ ಮೂಲಕ ಕರಾವಳಿಗೆ ಸಾಗುವ 66ನೆಯ ರಾಷ್ಟ್ರೀಯ ಹೆದ್ದಾರಿ ಒಂದಾದರೆ, ಪುಣೆ, ಬೆಳಗಾವಿ, ಹುಬ್ಬಳ್ಳಿಗಳ ಕಡೆಗೆ ಹೋಗುವ 48ನೆಯದು ಇನ್ನೊಂದು. ಎರಡರಲ್ಲಿಯೂ ಹಗಲಿರುಳೆನ್ನದೆ ಸರಕು ಲಾರಿಗಳ ಸಾಲು. ಲಾರಿ ಬಡಿದು ಕೈಕಾಲು ಮುರಿದುಕೊಂಡವರು ಸಾಲ ಮಾಡಿ ಆಸ್ಪತ್ರೆಯ ಬಿಲ್ಲು ಕಟ್ಟಿ, ಕೋರ್ಟು ಕಚೇರಿಯ ಅಲೆದಾಟ ಯಾರಿಗೆ ಬೇಕೆಂದು ಸುಮ್ಮನಾಗುವುದನ್ನು ನಾವು ಕಾಣುತ್ತೇವೆ. ರಸ್ತೆಗಿಳಿಯುವ ಪ್ರತಿಯೊಂದು ಖಾಸಗಿ ಲಾರಿಗೂ ಮೂರನೆಯ ವ್ಯಕ್ತಿಯ ವಿಮೆ ಕಡ್ಡಾಯವಾಗಿರುವುದು ಇಂಥವರಿಗಾಗಿಯೇ ಎಂಬುದನ್ನು ಮರೆಯಬಾರದು.

1988ರ ಮೋಟಾರು ವಾಹನ ಕಾಯ್ದೆಯ 166ನೆಯ ಕಲಮಿನಂತೆ ಗಾಯಾಳುವು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಹೊರನಾಡಿನವರಾದ ನಮಗೆ ಇಲ್ಲಿ ಒಂದು ಅನುಕೂಲವಿದೆ. ಅಪಘಾತ ನಡೆದ ಸ್ಥಳದಲ್ಲಿಯೇ ದಾವೆ ಹೂಡಬೇಕೆಂಬ ನಿರ್ಬಂಧವಿಲ್ಲ. ಅರ್ಜಿದಾರನು ವಾಸಿಸುವ ಅಥವಾ ವ್ಯವಹಾರ ನಡೆಸುವ ಊರಿನ ಮಂಡಳಿಯನ್ನೂ ಆಯ್ದುಕೊಳ್ಳಬಹುದು. ನಿಪ್ಪಾಣಿಯ ಬಳಿ ಲಾರಿ ಡಿಕ್ಕಿ ಹೊಡೆದಿದ್ದರೂ ಡೊಂಬಿವಲಿಯ ನಿವಾಸಿ ಬೆಳಗಾವಿಗೆ ಅಲೆಯಬೇಕಿಲ್ಲ, ಠಾಣೆಯ ಮಂಡಳಿಗೇ ಹೋಗಬಹುದು.

ಆದರೆ ಕಾಲಮಿತಿಯ ವಿಷಯದಲ್ಲಿ ಎಚ್ಚರ ಅಗತ್ಯ. 2019ರ ತಿದ್ದುಪಡಿಯು 2022ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಅಪಘಾತದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕೆಂದು ವಿಧಿಸಿದೆ. ಅದಕ್ಕೂ ಮೊದಲು ಹಲವು ವರ್ಷ ಇಂತಹ ಮಿತಿಯೇ ಇರಲಿಲ್ಲವಾದ್ದರಿಂದ, "ಯಾವಾಗ ಹಾಕಿದರೂ ನಡೆಯುತ್ತದೆ" ಎಂಬ ಹಳೆಯ ಸಲಹೆ ಇಂದಿಗೂ ಚಲಾವಣೆಯಲ್ಲಿದೆ. ಅದನ್ನು ನಂಬಿ ಕುಳಿತುಕೊಳ್ಳುವುದು ಅಪಾಯ.

ಪೊಲೀಸರ ಪಾತ್ರವೂ ಈಗ ಹಿಂದಿನಂತಿಲ್ಲ. 2022ರ ನಿಯಮಗಳ ಪ್ರಕಾರ ತನಿಖಾಧಿಕಾರಿಯು 48 ಗಂಟೆಗಳೊಳಗೆ ಪ್ರಥಮ ಅಪಘಾತ ವರದಿಯನ್ನೂ 90 ದಿನಗಳೊಳಗೆ ವಿವರವಾದ ವರದಿಯನ್ನೂ ಮಂಡಳಿಗೆ ಒಪ್ಪಿಸಬೇಕು. ಪೊಲೀಸರ ವರದಿಯನ್ನೇ ಪರಿಹಾರದ ಅರ್ಜಿಯೆಂದು ಮಂಡಳಿ ಪರಿಗಣಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಕಾಗದದ ಮೇಲೆ ಇದು ಬಲು ಸೊಗಸಾದ ವ್ಯವಸ್ಥೆ. ಆದರೂ ಎಫ್‌ಐಆರ್, ಪಂಚನಾಮೆ, ಲಾರಿಯ ನೋಂದಣಿ ಮತ್ತು ವಿಮೆಯ ವಿವರಗಳ ಪ್ರತಿಗಳನ್ನು ಮನೆಯವರೊಬ್ಬರು ಸ್ವತಃ ಪಡೆದುಕೊಳ್ಳುವುದೇ ಲೇಸು. ಚಾಲಕನ ಬಳಿ ಸರಿಯಾದ ಲೈಸನ್ಸ್ ಇರಲಿಲ್ಲವೆಂದು ವಿಮಾ ಕಂಪನಿ ವಾದಿಸಿದರೆ ಧೃತಿಗೆಡಬೇಕಾಗಿಲ್ಲ. ಕಂಪನಿಯೇ ಮೊದಲು ಗಾಯಾಳುವಿಗೆ ಹಣ ಕೊಟ್ಟು, ಬಳಿಕ ಲಾರಿಯ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಅನೇಕ ಪ್ರಕರಣಗಳಲ್ಲಿ ಆದೇಶಿಸಿವೆ.

ಚಿಕಿತ್ಸೆಯ ಮೊದಲ ಖರ್ಚಿಗಾಗಿ 2025ರ ಮೇ ತಿಂಗಳಲ್ಲಿ ಕೇಂದ್ರ ಸರಕಾರವು ನಗದುರಹಿತ ಚಿಕಿತ್ಸಾ ಯೋಜನೆಯನ್ನು ಪ್ರಕಟಿಸಿತು. ಅಪಘಾತದ ದಿನದಿಂದ ಏಳು ದಿನಗಳವರೆಗೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ, ಒಬ್ಬ ಗಾಯಾಳುವಿಗೆ 1.5 ಲಕ್ಷ ರೂಪಾಯಿಯವರೆಗೆ ಇದು ಅನ್ವಯಿಸುತ್ತದೆ.

ಪರಿಹಾರದ ಮೊತ್ತ ಹೇಗೆ ನಿರ್ಧಾರವಾಗುತ್ತದೆ ಎಂಬುದೇ ಹೆಚ್ಚಿನವರ ಪ್ರಶ್ನೆ. ಔಷಧೋಪಚಾರ, ನೋವು, ರಜೆಯಿಂದಾದ ನಷ್ಟ ಇವೆಲ್ಲಕ್ಕೂ ಲೆಕ್ಕವಿದೆ. ಆದರೆ ದೊಡ್ಡ ಪಾಲು ಮುಂದಿನ ಗಳಿಕೆಯ ನಷ್ಟದ್ದು. ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡೋಣ. 32 ವಯಸ್ಸಿನ ಹೋಟೆಲ್ ಅಡುಗೆಯವರೊಬ್ಬರ ತಿಂಗಳ ಗಳಿಕೆ 15,000 ರೂಪಾಯಿ, ಅಂದರೆ ವರ್ಷಕ್ಕೆ 1,80,000. ಕಾಯಂ ನೌಕರಿಯಲ್ಲದ, ನಲವತ್ತರೊಳಗಿನವರಿಗೆ ಮುಂದಿನ ಏಳಿಗೆಯೆಂದು ಶೇಕಡಾ 40 ಸೇರಿಸಿದರೆ 2,52,000. ಸರಳಾ ವರ್ಮಾ ಪ್ರಕರಣದ (2009) ತೀರ್ಪಿನಂತೆ 31ರಿಂದ 35ರ ವಯೋಮಾನಕ್ಕೆ ಗುಣಕ 16. ವೈದ್ಯರು ಇಡೀ ದೇಹಕ್ಕೆ ಶೇಕಡಾ 15ರ ಅಂಗವೈಕಲ್ಯವೆಂದು ಬರೆದಿದ್ದಾರೆ ಎಂದುಕೊಂಡರೆ, ಆ ಪ್ರಕಾರ ಬರುವುದು 6,04,800 ರೂಪಾಯಿ. ಆದರೆ ಕಾಲು ಊನವಾದ ಅಡುಗೆಯವರು ದಿನವಿಡೀ ಒಲೆಯ ಮುಂದೆ ನಿಲ್ಲಬಲ್ಲರೇ? ದೇಹದ ಊನ ಬೇರೆ, ಗಳಿಕೆಯ ಶಕ್ತಿಯ ನಷ್ಟ ಬೇರೆ; ಎರಡನೆಯದನ್ನು ವೃತ್ತಿಯನ್ನು ನೋಡಿಯೇ ನಿರ್ಧರಿಸಬೇಕೆಂದು ರಾಜ್‌ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಗಳಿಕೆಯ ನಷ್ಟ ಶೇಕಡಾ 30 ಎಂದು ಮಂಡಳಿಗೆ ಮನದಟ್ಟಾದರೆ ಅದೇ ಲೆಕ್ಕ 12,09,600 ರೂಪಾಯಿಗೆ ಏರುತ್ತದೆ. ಆದುದರಿಂದ ವೈದ್ಯರ ಪ್ರಮಾಣಪತ್ರವನ್ನು ಲಗತ್ತಿಸಿದಷ್ಟಕ್ಕೆ ಕೆಲಸ ಮುಗಿಯಲಿಲ್ಲ. ವೈದ್ಯರ ಸಾಕ್ಷ್ಯ, ಮಾಡುತ್ತಿದ್ದ ಕೆಲಸದ ಸ್ವರೂಪ, ಮಾಲೀಕರ ಹೇಳಿಕೆ ಎಲ್ಲವೂ ಬೇಕು.

ನಮ್ಮ ಹೋಟೆಲ್ ಕೆಲಸಗಾರರಲ್ಲಿ ಹಲವರು ಎಡವುವುದು ಗಳಿಕೆಯ ಪುರಾವೆಯಲ್ಲಿ. ಸಂಬಳವನ್ನು ಕೈಯಲ್ಲಿ ಎಣಿಸಿ ಕೊಟ್ಟರೆ ದಾಖಲೆ ಎಲ್ಲಿಂದ ಬರಬೇಕು? ದಾಖಲೆಯಿಲ್ಲದಾಗ ಮಂಡಳಿಯು ಕನಿಷ್ಠ ವೇತನ ಅಥವಾ ತನ್ನ ಅಂದಾಜನ್ನು ಹಿಡಿಯುತ್ತದೆ, ಅದು ನಿಜವಾದ ಗಳಿಕೆಗಿಂತ ಕಡಿಮೆಯಿರಬಹುದು. ಸಂಬಳ ಬ್ಯಾಂಕ್ ಖಾತೆಗೆ ಜಮೆಯಾಗುತ್ತಿದ್ದರೆ ಪಾಸ್‌ಬುಕ್ಕೇ ಸಾಕ್ಷಿ. ಮೂರು ದಶಕಗಳಿಂದ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನಾಗಿ ಈ ಮಾತನ್ನು ಸ್ವಲ್ಪ ಒತ್ತಿಯೇ ಹೇಳುತ್ತಿದ್ದೇನೆ.

ಮೆಡಿಕ್ಲೈಮ್ ಹಣ ಬಂದಿದ್ದರೆ ಚಿಕಿತ್ಸಾ ವೆಚ್ಚ ಸಿಗುವುದಿಲ್ಲವೆಂಬ ವಾದ ಬಹುಕಾಲ ನಡೆದಿತ್ತು. ಆ ಹಣವನ್ನು ಪರಿಹಾರದಿಂದ ಕಳೆಯುವಂತಿಲ್ಲವೆಂದು ಮುಂಬಯಿ ಹೈಕೋರ್ಟಿನ ಪೂರ್ಣಪೀಠವು 2025ರ ಮಾರ್ಚ್‌ನಲ್ಲಿ ತೀರ್ಪು ನೀಡಿದೆ. ಮೂಲ ಬಿಲ್ಲುಗಳನ್ನು ಮೆಡಿಕ್ಲೈಮ್‌ಗೆ ಕೊಡುವ ಮುನ್ನ ದೃಢೀಕೃತ ಪ್ರತಿಗಳನ್ನು ಮಾಡಿಸಿಟ್ಟುಕೊಳ್ಳಿ.

ವಕೀಲರ ಬಗ್ಗೆ ಒಂದು ಮಾತು. ಆಸ್ಪತ್ರೆಯ ವಾರ್ಡಿಗೇ ಬಂದು, "ಖರ್ಚೆಲ್ಲ ನಮ್ಮದು, ಬಂದದ್ದರಲ್ಲಿ ಇಷ್ಟು ಪಾಲು ಕೊಡಿ" ಎಂದು ಖಾಲಿ ವಕಾಲತ್‌ನಾಮೆಗೆ ಸಹಿ ಹಾಕಿಸಿಕೊಳ್ಳುವ ದಲ್ಲಾಳಿಗಳಿದ್ದಾರೆ. ಪರಿಹಾರದಲ್ಲಿ ಪಾಲು ಕೇಳುವುದು ವಕೀಲರ ಪರಿಷತ್ತಿನ ನಿಯಮಗಳಿಗೆ ವಿರುದ್ಧ. ಹಣದ ಅಡಚಣೆಯಿದ್ದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು ಮತ್ತು ನಿಗದಿತ ಆದಾಯಮಿತಿಯೊಳಗಿನವರು ಉಚಿತ ವಕೀಲರಿಗೆ ಅರ್ಹರು. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಹಣ ಬೇಗ ಕೈಸೇರುತ್ತದೆ, ನಿಜ. ಆದರೆ ಗಾಯ ಮಾಗಿ ಊನದ ಪ್ರಮಾಣ ಖಚಿತವಾಗುವ ಮುನ್ನ ಒಪ್ಪಿಕೊಳ್ಳುವುದು ನನ್ನ ಮಟ್ಟಿಗೆ ಆತುರವೆನಿಸುತ್ತದೆ.

ಡಿಕ್ಕಿ ಹೊಡೆದ ಲಾರಿ ಪತ್ತೆಯಾಗದೆ ಹೋದರೆ 2022ರ ಯೋಜನೆಯಂತೆ ತೀವ್ರ ಗಾಯಕ್ಕೆ 50,000, ಮರಣಕ್ಕೆ 2 ಲಕ್ಷ ರೂಪಾಯಿ ದೊರೆಯುತ್ತದೆ. ಇದಕ್ಕೆ ಅಪಘಾತ ನಡೆದ ಪ್ರದೇಶದ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರ ಮಟ್ಟದ ಅಧಿಕಾರಿಗೆ ಅರ್ಜಿ ಕೊಡಬೇಕು.

ತೀರ್ಪಿನ ಹಣಕ್ಕೆ ಸಾಮಾನ್ಯವಾಗಿ ಅರ್ಜಿ ಸಲ್ಲಿಸಿದ ದಿನದಿಂದ ಬಡ್ಡಿ ಸೇರುತ್ತದೆ. ಆದರೆ ಪೂರ್ತಿ ಮೊತ್ತ ಒಮ್ಮೆಲೇ ಕೈಗೆ ಬರುವುದು ಅಪರೂಪ. ಒಂದು ಭಾಗವನ್ನು ಮಂಡಳಿಯು ನಿರಖು ಠೇವಣಿಯಲ್ಲಿ ಇರಿಸುತ್ತದೆ. ಅದನ್ನು ಅವಧಿಗೆ ಮುನ್ನ ಮುರಿಯಲಾಗಲಿ, ಅದರ ಮೇಲೆ ಸಾಲ ಕೊಡಲಾಗಲಿ ಬ್ಯಾಂಕಿಗೆ ಅಧಿಕಾರವಿಲ್ಲ. ಮತ್ತೊಂದು ಶಸ್ತ್ರಚಿಕಿತ್ಸೆಯೋ ಮನೆಯ ತುರ್ತೋ ಬಂದಾಗ ಮ್ಯಾನೇಜರರೊಂದಿಗೆ ವಾದಿಸಿ ಫಲವಿಲ್ಲ. ಆಸ್ಪತ್ರೆಯ ಅಂದಾಜು ಪಟ್ಟಿಯೊಡನೆ ಮಂಡಳಿಗೇ ಅರ್ಜಿ ಹಾಕಿ, ಆದೇಶದ ಪ್ರತಿಯನ್ನು ಬ್ಯಾಂಕಿಗೆ ತಂದೊಪ್ಪಿಸಬೇಕು.